ಮೊದಲ ಸಲ ಪ್ರೊಸೆಸರ್ ಓವರ್‌ಕ್ಲಾಕ್ ಮಾಡುವವರಿಗೆ: ಬಿಸಿ ಇಳಿಸಿ ವೇಗ ಪಡೆಯುವ ದಾರಿ

ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದೇ ಓವರ್‌ಕ್ಲಾಕ್. ಮೊದಲು ಒಂದು ಸಣ್ಣ ಲೆಕ್ಕ. ಪ್ರೊಸೆಸರ್ ತಿನ್ನುವ ಕರೆಂಟೆಲ್ಲ ಕೊನೆಗೆ ಬಿಸಿಯಾಗುತ್ತದೆ. ಅದು ವೇಗ ಏರಿದಷ್ಟೇ ಏರುತ್ತದೆ. ಆದರೆ ವೋಲ್ಟೇಜ್ ಏರಿಸಿದರೆ ಅದರ ವರ್ಗದಷ್ಟು ಏರುತ್ತದೆ. 1.2 ವೋಲ್ಟ್‌ನಲ್ಲಿ 4.4 ಗಿಗಾಹರ್ಟ್ಸ್ ಓಡುತ್ತಿದ್ದ ಚಿಪ್ಪನ್ನು 4.6ಕ್ಕೆ ಏರಿಸಿ, ಅದಕ್ಕಾಗಿ 1.3 ವೋಲ್ಟ್ ಕೊಟ್ಟಿರಿ ಅಂದುಕೊಳ್ಳಿ. ವೇಗ ಏರಿದ್ದು ಶೇ 4.5. ಬಿಸಿ ಏರಿದ್ದು ಹತ್ತಿರ ಹತ್ತಿರ ಶೇ 23! ಇದು ಲಾಭದ ವ್ಯಾಪಾರ ಅಲ್ಲ, ಅಲ್ವಾ?

ಹಿಂದೆ ಹೀಗಿರಲಿಲ್ಲ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಚಿಪ್ಪಿನ ಬಸ್ ವೇಗವನ್ನು, ಅಂದರೆ ಬೋರ್ಡು ಚಿಪ್ಪಿಗೆ ಹಾಕಿಕೊಡುವ ತಾಳವನ್ನು, 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ ಸಾಕು, 300 ಮೆಗಾಹರ್ಟ್ಸ್ ಚಿಪ್ಪು 450ರಲ್ಲಿ ಓಡುತ್ತಿತ್ತು. ಒಂದೂವರೆ ಪಟ್ಟು, ಅದೂ ಪುಕ್ಕಟೆ. ಈಗ ಆ ಉಳಿಕೆಯನ್ನೆಲ್ಲ ಕಂಪನಿಯವರೇ 'ಬೂಸ್ಟ್' ಅಂತ ಹೆಸರಿಟ್ಟು ಬಳಸಿಕೊಂಡಿರುತ್ತಾರೆ. ಚಿಪ್ಪು ತನಗೆ ಎಷ್ಟು ಬಿಸಿಯಾಗಿದೆ, ಎಷ್ಟು ವ್ಯಾಟ್ ಸಿಗುತ್ತಿದೆ ಅಂತ ನೋಡಿಕೊಂಡು ತಾನೇ ವೇಗ ಏರಿಸಿಕೊಳ್ಳುತ್ತದೆ. ಹಾಗಾಗಿ ನಾನು ಹೇಳುವ ದಾರಿ ಸ್ವಲ್ಪ ಉಲ್ಟಾ. ವೋಲ್ಟೇಜ್ ಏರಿಸುವ ಬದಲು ಇಳಿಸೋಣ. ಬಿಸಿ ಕಮ್ಮಿಯಾದರೆ ವೇಗವನ್ನು ಚಿಪ್ಪೇ ಏರಿಸಿಕೊಳ್ಳುತ್ತದೆ.

ಉದಾಹರಣೆಗೆ ನನ್ನ ಮೇಜಿನ ಮೇಲಿರುವ ಎಎಂಡಿ ರೈಜೆನ್ 5 5600ಎಕ್ಸ್ ಚಿಪ್ಪನ್ನೇ ತೆಗೆದುಕೊಳ್ಳುತ್ತೇನೆ. 2020ರಲ್ಲಿ ಬಂದದ್ದು, ಆರು ಕೋರ್ (ಒಂದೇ ಚಿಪ್ಪಿನೊಳಗೆ ಲೆಕ್ಕ ಮಾಡುವ ಆರು ಘಟಕ), ಮೂಲ ವೇಗ 3.7, ಬೂಸ್ಟ್ 4.6 ಗಿಗಾಹರ್ಟ್ಸ್. ಜೊತೆಗೆ ಒಂದು ಬಿ550 ಮದರ್‌ಬೋರ್ಡ್. ರೈಜೆನ್ 5000 ಸರಣಿಯ ಬೇರೆ ಚಿಪ್ಪುಗಳಿಗೂ 7000 ಸರಣಿಗೂ ಕ್ರಮ ಹೆಚ್ಚುಕಮ್ಮಿ ಇದೇ, ಅಂಕಿಗಳು ಮಾತ್ರ ಬೇರೆ.

ನಿಮ್ಮ ಚಿಪ್ಪಿಗೆ ಬೀಗ ಇದೆಯಾ?

ಎಲ್ಲಾ ಕಂಪ್ಯೂಟರಿಗೂ ಇದು ಆಗುವುದಿಲ್ಲ. ಸಿಪಿಯು-ಝಡ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡರೆ ಚಿಪ್ಪಿನ ಹೆಸರು, ಬೋರ್ಡಿನ ಹೆಸರು ಎರಡೂ ಕಾಣುತ್ತವೆ. ರೈಜೆನ್ ಡೆಸ್ಕ್‌ಟಾಪ್ ಚಿಪ್ಪುಗಳು ಬಹುತೇಕ ತೆರೆದೇ ಇರುತ್ತವೆ. 5800ಎಕ್ಸ್3ಡಿ ಥರದ್ದು ಮಾತ್ರ ಬೇರೆ, ಅದರ ಮಲ್ಟಿಪ್ಲೈಯರಿಗೆ, ಅಂದರೆ ಬೋರ್ಡಿನ ಬೇಸ್ ಕ್ಲಾಕನ್ನು ಎಷ್ಟು ಪಟ್ಟು ಮಾಡಬೇಕು ಅನ್ನುವ ಅಂಕಿಗೆ, ಬೀಗ. ಬೋರ್ಡು ಬಿ450, ಬಿ550, ಎಕ್ಸ್570, ಬಿ650 ಇವುಗಳಲ್ಲಿ ಒಂದಾದರೆ ಸರಿ. ಎ320, ಎ520 ಆದರೆ ಇಲ್ಲಿಗೇ ಬಿಡಿ.

ಇಂಟೆಲ್ 2011ರ ಸ್ಯಾಂಡಿ ಬ್ರಿಡ್ಜ್ ಕಾಲದಿಂದ ಹೆಸರಿನ ಕೊನೆಗೆ 'ಕೆ' ಇರುವ ಚಿಪ್ಪುಗಳಿಗೇ ಈ ಸೌಲಭ್ಯ ಕೊಡುತ್ತಾ ಬಂದಿದೆ. ಜೊತೆಗೆ ಝಡ್ ಸರಣಿಯ ಬೋರ್ಡೂ ಬೇಕು. ಐ5-12400 ಇಟ್ಟುಕೊಂಡು ಎಚ್610 ಬೋರ್ಡಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಈ ಪ್ರಯತ್ನ ಬೇಡವೇ ಬೇಡ. ಆಫೀಸಿನವರು ಕೊಟ್ಟ ಕಂಪ್ಯೂಟರಿನಲ್ಲೂ ಬೇಡ. ಇನ್ನೊಂದು ಮಾತು: ಓವರ್‌ಕ್ಲಾಕ್‌ನಿಂದ ಚಿಪ್ಪು ಹಾಳಾದರೆ ವಾರಂಟಿ ಸಿಗುವುದಿಲ್ಲ. ಎಎಂಡಿಯವರದೇ ಪಿಬಿಒ, ಅಂದರೆ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, ಆನ್ ಮಾಡಿದರೂ ಇದೇ ನಿಯಮ. ಆ ಮೆನು ತೆರೆಯುವಾಗ ಬೋರ್ಡೇ ಒಂದು ಎಚ್ಚರಿಕೆ ತೋರಿಸಿ ಒಪ್ಪಿಗೆ ಕೇಳುತ್ತದೆ. ಸುಮ್ನೆ ಒತ್ತಿಬಿಡಬೇಡಿ, ಓದಿ.

ಬಯಾಸ್‌ಗೆ ಕೈ ಹಾಕುವ ಮೊದಲು

ಬಯಾಸ್ ಅಂದರೆ ವಿಂಡೋಸ್‌ಗೂ ಮೊದಲು ಏಳುವ, ಬೋರ್ಡಿನೊಳಗಿನ ತಂತ್ರಾಂಶ. ಅದನ್ನು ಮುಟ್ಟುವ ಮೊದಲು ಮುಖ್ಯ ಫೈಲುಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಸರಿಯಾಗಿ ನಿಲ್ಲದ ಓವರ್‌ಕ್ಲಾಕ್ ಮಾಡುವ ದೊಡ್ಡ ಹಾನಿ ಚಿಪ್ಪು ಸುಡುವುದಲ್ಲ, ಅದು ಬಹಳ ಅಪರೂಪ. ಲೆಕ್ಕ ತಪ್ಪುವ ಚಿಪ್ಪು ಫೈಲುಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ. ಅದು ನಿಮಗೆ ಗೊತ್ತಾಗುವುದು ಆರು ತಿಂಗಳು ಬಿಟ್ಟು, ಮದುವೆ ಫೋಟೋ ತೆರೆಯಲು ಹೋದಾಗ.

ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ಸೌಲಭ್ಯ, ಆನ್ ಇದೆಯಾ ನೋಡಿ. ಬಯಾಸ್ ಅಪ್‌ಡೇಟ್ ಆದ ಮೇಲೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ನಂತರ ಬೋರ್ಡ್ ಕಂಪನಿಯ ಸೈಟಿನಿಂದ ಹೊಸ ಬಯಾಸ್ ಹಾಕಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, 2023ರಲ್ಲಿ ಕೆಲವು ರೈಜೆನ್ 7000 ಎಕ್ಸ್3ಡಿ ಚಿಪ್ಪುಗಳು ಸಾಕೆಟ್‌ನಲ್ಲೇ ಸುಟ್ಟುಹೋದವು. ಆಮೇಲೆ ಬಂದ ಬಯಾಸ್‌ಗಳಲ್ಲಿ ಎಸ್‌ಒಸಿ ವೋಲ್ಟೇಜ್ (ಚಿಪ್ಪಿನಲ್ಲಿ ಮೆಮೊರಿ ನಿಯಂತ್ರಿಸುವಂಥ ಭಾಗಗಳಿಗೆ ಹೋಗುವ ವೋಲ್ಟೇಜ್) 1.3 ದಾಟದಂತೆ ತಡೆ ಹಾಕಿದರು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಚಿಪ್ಪುಗಳು ವೋಲ್ಟೇಜ್ ಜಾಸ್ತಿಯಾಗಿ ಹದಗೆಟ್ಟಾಗಲೂ ಪರಿಹಾರ ಬಂದದ್ದು ಬಯಾಸ್ ಮೂಲಕವೇ. ಹಳೇ ಬಯಾಸ್ ಮೇಲೆ ಓವರ್‌ಕ್ಲಾಕ್ ಮಾಡುವುದು ಬ್ರೇಕ್ ನೋಡದೆ ಘಾಟಿ ಇಳಿದ ಹಾಗೆ.

ಅಪ್‌ಡೇಟ್ ಆಗುತ್ತಿರುವಾಗ ಕರೆಂಟ್ ಹೋದರೆ ಬೋರ್ಡೇ ಕೈಕೊಡಬಹುದು. ಯುಪಿಎಸ್ ಇದ್ದರೆ ಹಾಕಿ. ಇಲ್ಲದಿದ್ದರೆ, ನಿಮ್ಮೂರಿನಲ್ಲಿ ಕರೆಂಟ್ ಯಾವ ಹೊತ್ತಿನಲ್ಲಿ ಹೋಗುವುದಿಲ್ಲ ಅಂತ ನಿಮಗೇ ಗೊತ್ತಿರುತ್ತದೆ.

ಕೊನೆಯದಾಗಿ, ಹಿಂದೆ ಬರುವ ದಾರಿ ಕಲಿತುಕೊಳ್ಳಿ. ತಪ್ಪು ಅಂಕಿ ಹಾಕಿ ಪರದೆ ಕಪ್ಪಾದರೆ ಹೆದರಬೇಕಿಲ್ಲ. ಬಹಳಷ್ಟು ಬೋರ್ಡುಗಳು ಒಂದೆರಡು ಸಲ ಪ್ರಯತ್ನಿಸಿ ತಾವೇ ಹಳೇ ಸ್ಥಿತಿಗೆ ಬರುತ್ತವೆ. ಬರದಿದ್ದರೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟು ಖಾಲಿಯಾಗುತ್ತದೆ. ಆಮೇಲೆ ಬೋರ್ಡಿನ ಮೇಲೆ 'ಕ್ಲಿಯರ್ ಸಿಮಾಸ್' (ಬಯಾಸ್ ಸೆಟ್ಟಿಂಗ್ ಅಳಿಸು) ಗುರುತಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಹತ್ತು ಸೆಕೆಂಡ್ ಜೋಡಿಸಿ ಹಿಡಿಯಿರಿ. ಪಿನ್ನು ಕಾಣಿಸದಿದ್ದರೆ ನಾಣ್ಯದಂಥ ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಆ ಪಿನ್ನುಗಳು ಎಲ್ಲಿವೆ ಅಂತ ಈಗಲೇ ಟಾರ್ಚ್ ಹಾಕಿ ನೋಡಿಟ್ಟುಕೊಳ್ಳಿ.

ಬಿಸಿ ಹೊರಗೆ ಹೋಗಲಿ

5600ಎಕ್ಸ್ ಡಬ್ಬಿಯಲ್ಲೇ ಒಂದು ಸಣ್ಣ ಕೂಲರ್ ಬರುತ್ತದೆ. ದಿನದ ಕೆಲಸಕ್ಕೆ ಅದು ಸಾಕು, ಇದಕ್ಕೆ ಸಾಲದು. 120 ಮಿಲಿಮೀಟರ್ ಫ್ಯಾನ್ ಇರುವ ಟವರ್ ಕೂಲರ್ ಒಂದನ್ನು ಹಾಕಿ. ನೀರಿನ ಕೂಲರ್ ಬೇಕಿಲ್ಲ. ಆರು ಕೋರಿಗೆ ಅದು ದುಂದು ಅನ್ನುವುದು ನನ್ನ ಅಭಿಪ್ರಾಯ.

ಹಳೇ ಕೂಲರ್ ತೆಗೆಯುವಾಗ ಒಂದು ಅಪಾಯ ಇದೆ. 5600ಎಕ್ಸ್ ಕೂರುವ ಎಎಂ4 ಸಾಕೆಟ್‌ನಲ್ಲಿ ಪಿನ್ನುಗಳು ಇರುವುದು ಪ್ರೊಸೆಸರಿನ ತಳದಲ್ಲಿ. ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಹಳೇ ಪೇಸ್ಟ್ ಗಟ್ಟಿಯಾಗಿದ್ದರೆ, ಕೂಲರ್ ಎಳೆದಾಗ ಪ್ರೊಸೆಸರೂ ಅಂಟಿಕೊಂಡು ಕಿತ್ತು ಬರುತ್ತದೆ, ಪಿನ್ನು ಬಾಗುತ್ತದೆ. ಅದಕ್ಕೆ, ಮೊದಲು ಕಂಪ್ಯೂಟರನ್ನು ಹತ್ತು ನಿಮಿಷ ದುಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ. ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ಡಬ್ಬದ ಮುಚ್ಚಳ ತಿರುಗಿಸಿದ ಹಾಗೆ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಹಿಡಿತ ಬಿಟ್ಟ ಮೇಲೆ ಎತ್ತಿ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ದೋಸೆಗೆ ತುಪ್ಪ ಸವರಿದ ಹಾಗೆ ಬಳಿಯಬೇಡಿ.

ಕೋಣೆಯ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಕೂಲರ್ ಎಷ್ಟೇ ಒಳ್ಳೆಯದಿರಲಿ, ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆ 25 ಡಿಗ್ರಿಯಿಂದ 38ಕ್ಕೆ ಏರಿದರೆ ಚಿಪ್ಪೂ ಸುಮಾರು ಅಷ್ಟೇ ಏರುತ್ತದೆ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಚೆನ್ನಾಗಿದ್ದ ಸೆಟ್ಟಿಂಗ್ ಕಲಬುರಗಿಯ ಮೇ ತಿಂಗಳಿನಲ್ಲಿ ಮುಗ್ಗರಿಸುವುದು ಇದಕ್ಕೇ. ಪರೀಕ್ಷೆಯನ್ನು ಆದಷ್ಟು ಸೆಕೆಯ ಮಧ್ಯಾಹ್ನವೇ ಮಾಡಿ.

ಈಗ ಹೇಗಿದೆ ಅಂತ ಅಳೆಯಿರಿ

ಏನನ್ನೂ ಬದಲಿಸುವ ಮೊದಲು ಈಗಿನ ಅಂಕಿಗಳನ್ನು ಬರೆದುಕೊಳ್ಳಿ. ಎರಡು ಉಚಿತ ತಂತ್ರಾಂಶ ಬೇಕು: ಅಳೆಯಲು ಎಚ್‌ಡಬ್ಲ್ಯುಇನ್ಫೋ, ದುಡಿಸಲು ಸಿನಿಬೆಂಚ್ ಆರ್23. ಮೊದಲನೆಯದನ್ನು ಬರೀ ಸೆನ್ಸರ್ ಕಾಣುವ ಹಾಗೆ ತೆರೆದಿಟ್ಟು, ಎರಡನೆಯದರಲ್ಲಿ ಎಲ್ಲಾ ಕೋರ್ ಪರೀಕ್ಷೆಯನ್ನು 10 ನಿಮಿಷ ಓಡಿಸಿ. ಆಮೇಲೆ ಒಂದೇ ಕೋರಿನ ಪರೀಕ್ಷೆ.

ಬರೆದುಕೊಳ್ಳಬೇಕಾದದ್ದು ಇಷ್ಟು: ಗರಿಷ್ಠ ಬಿಸಿ, ಪಿಪಿಟಿ ಅಂದರೆ ಸಾಕೆಟ್ಟಿಗೆ ಹೋಗುವ ಒಟ್ಟು ವ್ಯಾಟ್, ಕೋರ್‌ಗಳ 'ಎಫೆಕ್ಟಿವ್ ಕ್ಲಾಕ್' ಅಂದರೆ ನಿಜವಾಗಿ ಓಡಿದ ಸರಾಸರಿ ವೇಗ, ಮತ್ತು ಎರಡೂ ಸ್ಕೋರು. 5600ಎಕ್ಸ್‌ನಲ್ಲಿ ಪಿಪಿಟಿ 76 ವ್ಯಾಟ್‌ಗೆ ಬಂದು ನಿಲ್ಲುತ್ತದೆ, ಅದು ಕಂಪನಿ ಹಾಕಿದ ಮಿತಿ. ಎಲ್ಲಾ ಕೋರ್ ಸ್ಕೋರ್ 11,000ದ ಆಸುಪಾಸು ಬರುತ್ತದೆ. ಬಿಸಿ 85 ದಾಟಿದರೆ ಮುಂದೆ ಹೋಗಬೇಡಿ, ಕೂಲರ್ ಸರಿಯಾಗಿ ಕೂತಿಲ್ಲ. ಈ ಚಿಪ್ಪು ತಡೆಯುವ ಗರಿಷ್ಠ 95 ಡಿಗ್ರಿ.

ಸುಮ್ಮನೆ ಕೂತಾಗ ವೋಲ್ಟೇಜ್ ಆಗಾಗ 1.45ರ ಮೇಲೆ ಹಾರುವುದು ಕಾಣುತ್ತದೆ. ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಒಂದು ಕೋರ್ ಕ್ಷಣಕಾಲ ಜೋರಾಗಿ ಓಡುವಾಗ ಚಿಪ್ಪೇ ಕೇಳಿ ಪಡೆಯುವ ವೋಲ್ಟೇಜ್ ಅದು, ಸಹಜ. ಅದೇ ಅಂಕಿಯನ್ನು ಕೈಯಾರೆ ಎಲ್ಲಾ ಕೋರ್‌ಗಳಿಗೂ ಸದಾ ಇರುವಂತೆ ಕೊಡುವುದು ಬೇರೆ ಮಾತು. ಅದು ಚಿಪ್ಪಿನ ಆಯಸ್ಸು ತಿನ್ನುತ್ತದೆ.

ರ್‍ಯಾಮ್‌ನ ಎಕ್ಸ್‌ಎಂಪಿ (ರ್‍ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಇದ್ದರೆ, ಪ್ರೊಸೆಸರ್ ಕೆಲಸ ಮುಗಿಯುವವರೆಗೆ ಆಫ್ ಮಾಡಿಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾರದು ಅಂತ ಗೊತ್ತಾಗುವುದಿಲ್ಲ. ಎಕ್ಸ್‌ಎಂಪಿ ಇದ್ದಾಗಿನ ಸ್ಕೋರಿಗೆ ಹೋಲಿಸದೆ, ಆಫ್ ಮಾಡಿದ ಮೇಲಿನ ಸ್ಕೋರನ್ನೇ ಆಧಾರ ಇಟ್ಟುಕೊಳ್ಳಿ.

ಬಯಾಸ್ ಒಳಗೆ

ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತುತ್ತಾ ಇರಿ. 'ಗೇಮ್ ಬೂಸ್ಟ್' ಥರದ ಒಂದೇ ಗುಂಡಿಯ ಆಸೆ ತೋರಿಸುವ ಪುಟ ಬಂದರೆ ದಾಟಿ ಹೋಗಿ. ಅಂಥ ಗುಂಡಿಗಳು ಎಲ್ಲಾ ಚಿಪ್ಪಿಗೂ ಹೊಂದಲಿ ಅಂತ ವೋಲ್ಟೇಜನ್ನು ಧಾರಾಳವಾಗಿ ಸುರಿಯುತ್ತವೆ. ಅಡ್ವಾನ್ಸ್ಡ್ ಮೋಡ್‌ಗೆ ಹೋಗಿ 'ಎಎಂಡಿ ಓವರ್‌ಕ್ಲಾಕಿಂಗ್' ಹುಡುಕಿ. ಬೋರ್ಡಿನಿಂದ ಬೋರ್ಡಿಗೆ ಜಾಗ ಬೇರೆ, ಹೆಸರು ಬಹುತೇಕ ಇದೇ. ಅದರೊಳಗೆ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಇರುತ್ತದೆ. ಅದನ್ನು 'ಅಡ್ವಾನ್ಸ್ಡ್' ಮಾಡಿ.

ಮೊದಲ ದಿನ ಮುಟ್ಟಬೇಕಾದದ್ದು ಒಂದೇ: ಕರ್ವ್ ಆಪ್ಟಿಮೈಸರ್. ಇಂತಿಂಥ ವೇಗಕ್ಕೆ ಇಷ್ಟಿಷ್ಟು ವೋಲ್ಟೇಜ್ ಅಂತ ಪ್ರತಿ ಚಿಪ್ಪಿನೊಳಗೆ ಒಂದು ಪಟ್ಟಿ ಇರುತ್ತದೆ. ಕಾರ್ಖಾನೆಯವರು ಆ ಪಟ್ಟಿಯನ್ನು ಒಂದಿಷ್ಟು ಧಾರಾಳವಾಗಿಯೇ ಬರೆದಿರುತ್ತಾರೆ. ಆ ಧಾರಾಳವನ್ನು ಸ್ವಲ್ಪ ಸ್ವಲ್ಪವಾಗಿ ಕತ್ತರಿಸುವ ಕತ್ತರಿ ಇದು. ಒಂದು ಅಂಕೆ ಇಳಿಸಿದರೆ ಸುಮಾರು 3ರಿಂದ 5 ಮಿಲಿವೋಲ್ಟ್ ಕಡಿಮೆಯಾಗುತ್ತದೆ. ಮಿತಿ 30ರವರೆಗೆ ಇದೆ, ಹಾಗಂತ ನೇರ 30 ಹಾಕಬೇಡಿ.

'ಆಲ್ ಕೋರ್ಸ್' ಆರಿಸಿ. ಸೈನ್ ಅನ್ನುವಲ್ಲಿ 'ನೆಗೆಟಿವ್' ಆರಿಸಿ, ಇದನ್ನು ಎರಡು ಸಲ ನೋಡಿ. ಪಾಸಿಟಿವ್ ಆದರೆ ಎಲ್ಲಾ ತಿರುವುಮುರುವು. ಮ್ಯಾಗ್ನಿಟ್ಯೂಡ್ ಅನ್ನುವಲ್ಲಿ 10. ಅದೇ ಮೆನುವಿನಲ್ಲಿ ಥರ್ಮಲ್ ಥ್ರಾಟಲ್ ಮಿತಿ (ಈ ಬಿಸಿ ಮುಟ್ಟಿದರೆ ವೇಗ ಇಳಿಸು ಅನ್ನುವ ಅಂಕಿ) ಇದ್ದರೆ ಅದನ್ನು 85ಕ್ಕೆ ಇಡಿ. ಕೂಲರ್ ಫ್ಯಾನ್ ನಿಂತರೂ ಅದು ಚಿಪ್ಪನ್ನು ಕಾಪಾಡುತ್ತದೆ. ಎಫ್10 ಒತ್ತಿ ಸೇವ್ ಮಾಡಿ ಹೊರಗೆ ಬನ್ನಿ.

ಮತ್ತೆ ಸಿನಿಬೆಂಚ್ 10 ನಿಮಿಷ. ವ್ಯಾಟ್ ಅದೇ 76, ಆದರೆ ಎಫೆಕ್ಟಿವ್ ಕ್ಲಾಕ್ ಒಂದಿಷ್ಟು ಮೆಗಾಹರ್ಟ್ಸ್ ಏರಿರುತ್ತದೆ, ಸ್ಕೋರೂ ಏರಿರುತ್ತದೆ. ಒಂದು ಪೈಸೆ ಬಿಸಿ ಜಾಸ್ತಿ ಮಾಡದೆ ಸಿಕ್ಕ ವೇಗ ಇದು. ನನಗೆ ಈ ಕ್ಷಣ ಈಗಲೂ ಖುಷಿ ಕೊಡುತ್ತದೆ.

ಎರಡು ಮೂರು ದಿನ ಹಾಗೇ ಬಳಸಿ. ಸರಿಯಿದ್ದರೆ 15, ಆಮೇಲೆ 20. ಪ್ರತಿ ಸಲ ಒಂದೇ ಬದಲಾವಣೆ. ಕ್ಲಾಕ್ ಏರಿದಂತೆ ಕಂಡರೂ ಸ್ಕೋರ್ ಇಳಿದರೆ, ವೋಲ್ಟೇಜ್ ಸಾಲದೆ ಚಿಪ್ಪು ಒಳಗೊಳಗೇ ಏದುಸಿರು ಬಿಡುತ್ತಿದೆ ಅಂತ ಅರ್ಥ. ಆಗ ಹಿಂದಿನ ಅಂಕಿಗೆ ಮರಳಿ. ಸ್ಕೋರೇ ನಿಜ, ಉಳಿದದ್ದು ಬರೀ ತೋರಿಕೆ.

ಇದು ಗಟ್ಟಿಯಾದ ಮೇಲೆ, ಒಳ್ಳೆಯ ಕೂಲರ್ ಇದ್ದರೆ ಮಾತ್ರ, ವ್ಯಾಟ್ ಮಿತಿ ಸಡಿಲಿಸಬಹುದು. ಪಿಬಿಒ ಲಿಮಿಟ್ಸ್ ಅನ್ನು 'ಮ್ಯಾನುಯಲ್' ಮಾಡಿ, ಪಿಪಿಟಿ 100, ಟಿಡಿಸಿ (ಸತತವಾಗಿ ಹರಿಯುವ ಆಂಪಿಯರ್ ಮಿತಿ) 70, ಇಡಿಸಿ (ಕ್ಷಣಕಾಲ ಹರಿಯುವ ಆಂಪಿಯರ್ ಮಿತಿ) 100 ಕೊಡಿ. ಮೂಲದಲ್ಲಿ ಇವು 76, 60, 90 ಇರುತ್ತವೆ. 'ಮದರ್‌ಬೋರ್ಡ್ ಲಿಮಿಟ್ಸ್' ಆರಿಸಬೇಡಿ, ಅಗ್ಗದ ಬೋರ್ಡು ತನ್ನ ಶಕ್ತಿ ಮೀರಿದ ಅಂಕಿ ಹೇಳಿಕೊಳ್ಳಬಹುದು. ಸ್ಕೇಲರ್ ಅನ್ನುವ ಸೆಟ್ಟಿಂಗ್ ಆಟೋದಲ್ಲೇ ಇರಲಿ. ಬೂಸ್ಟ್ ಕ್ಲಾಕ್ ಓವರ್‌ರೈಡ್ ಅನ್ನುವುದು ಗರಿಷ್ಠ 200 ಮೆಗಾಹರ್ಟ್ಸ್ ತನಕ ಹೋಗುತ್ತದೆ. 50ರಿಂದ ಶುರು ಮಾಡಿ, ಅದೂ ಬೇಕಿದ್ದರೆ.

ಮಲ್ಟಿಪ್ಲೈಯರಿಗೆ ನೇರವಾಗಿ 46 ಕೊಟ್ಟು, 100 ಮೆಗಾಹರ್ಟ್ಸ್ ಬೇಸ್ ಕ್ಲಾಕಿನ ಮೇಲೆ 4.6 ಗಿಗಾಹರ್ಟ್ಸ್ ಮಾಡುವ ಹಳೇ ದಾರಿಯೂ ಇದೆ. ಈ ಚಿಪ್ಪಿಗೆ ನಾನು ಅದನ್ನು ಹೇಳುವುದಿಲ್ಲ. ಕೆಲಸ ಇರಲಿ ಬಿಡಲಿ, ವೋಲ್ಟೇಜ್ ಅಲ್ಲೇ ನಿಲ್ಲುತ್ತದೆ. ಅದರಲ್ಲೂ ಮಲ್ಟಿಪ್ಲೈಯರ್ ಏರಿಸಿ ವೋಲ್ಟೇಜನ್ನು ಆಟೋಗೆ ಬಿಟ್ಟರೆ, ಬೋರ್ಡು ಎಷ್ಟು ಸುರಿಯುತ್ತದೆ ಅಂತ ಹೇಳಲಾಗದು.

ಖಾಲಿ ಕೂತಾಗ ಬೀಳುವ ಕಂಪ್ಯೂಟರ್

ನಾನು ಮೊದಲ ಸಲ ಇದನ್ನು ಮಾಡಿದಾಗ ಆಸೆ ತಡೆಯದೆ ಒಂದೇ ಏಟಿಗೆ 25 ಹಾಕಿದ್ದೆ. ಸಿನಿಬೆಂಚ್ ಒಂದು ಗಂಟೆ ಓಡಿತು, ಏನೂ ಆಗಲಿಲ್ಲ. ಗೇಮ್ ಆಡಿದೆ, ಆಗಲೂ ಏನೂ ಇಲ್ಲ. ಆದರೆ ರಾತ್ರಿ ಪಿಡಿಎಫ್ ಓದುತ್ತಾ ಕೂತಾಗ ಟಪ್ ಅಂತ ರೀಸ್ಟಾರ್ಟ್. ವಾರಕ್ಕೆ ಎರಡು ಸಲ. ಎಸ್‌ಎಂಪಿಎಸ್ ಹೋಗಿದೆ ಅಂತ ನಾನೇ ತೀರ್ಮಾನ ಮಾಡಿ, ಅದನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋದೆ. ಅಂಗಡಿಯವರು ಟೆಸ್ಟರಿಗೆ ಚುಚ್ಚಿ ನೋಡಿ, ಮತ್ತೆ ನನ್ನನ್ನು ನೋಡಿದರು.

"ಇದಕ್ಕೇನೂ ಆಗಿಲ್ಲ ಸರ್. ಬಯಾಸಲ್ಲಿ ಏನಾದ್ರೂ ಮುಟ್ಟಿದ್ರಾ?"

"ಸ್ವಲ್ಪ ಮುಟ್ಟಿದ್ದೆ."

"ಅದೇ. ಹೋಗಿ ಅದನ್ನ ವಾಪಸ್ ಇಡಿ, ಸರಿಹೋಗುತ್ತೆ."

ಸರಿಹೋಯಿತು. ಕಾರಣ ಇಷ್ಟೇ. ಎಲ್ಲಾ ಕೋರೂ ದುಡಿಯುವಾಗ ವೇಗ 4.4, 4.5ರಲ್ಲಿ ಇರುತ್ತದೆ. ಖಾಲಿ ಕೂತಾಗ ಒಂದೇ ಕೋರ್ ಎಚ್ಚೆತ್ತು ಕ್ಷಣಕಾಲ ತನ್ನ ತುತ್ತತುದಿಯ ವೇಗಕ್ಕೆ ಹಾರುತ್ತದೆ. ಅಲ್ಲಿಗೆ ಬೇಕಾದಷ್ಟು ವೋಲ್ಟೇಜನ್ನು ನಾನು ಕತ್ತರಿಸಿಬಿಟ್ಟಿದ್ದೆ. ಹಾಗಾಗಿ ಭಾರ ಹೊರಿಸುವ ಪರೀಕ್ಷೆ ಅರ್ಧ ಕಥೆ ಮಾತ್ರ ಹೇಳುತ್ತದೆ.

ಉಳಿದರ್ಧಕ್ಕೆ ಕೋರ್‌ಸೈಕ್ಲರ್ ಅನ್ನುವ ಉಚಿತ ಸ್ಕ್ರಿಪ್ಟ್ ಇದೆ. ಅದು ಪ್ರೈಮ್95 ಅನ್ನು ಒಂದೊಂದೇ ಕೋರಿನ ಮೇಲೆ ಸರದಿಯಲ್ಲಿ ಓಡಿಸಿ, ಯಾವ ಕೋರ್ ಲೆಕ್ಕ ತಪ್ಪಿತು ಅಂತ ಹೆಸರು ಹಿಡಿದು ಹೇಳುತ್ತದೆ. ರಾತ್ರಿ ಮಲಗುವಾಗ ಹಾಕಿಬಿಡಿ.

ರೀಸ್ಟಾರ್ಟ್ ಆದರೆ ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ದಾಖಲೆಯಲ್ಲಿ ಹುಡುಕಿ. 'ಕರ್ನಲ್-ಪವರ್ 41' ಒಂದೇ ಇದ್ದರೆ ಹೆಚ್ಚೇನೂ ತಿಳಿಯದು. ಮನೆಯ ಕರೆಂಟ್ ಹೋದರೂ ಅದೇ ಬರುತ್ತದೆ. ಪಕ್ಕದಲ್ಲಿ 'ಡಬ್ಲ್ಯುಎಚ್‌ಇಎ-ಲಾಗರ್' ಅಂತ ಕೆಂಪು ಗುರುತಿದ್ದರೆ ದೂರು ಕೊಟ್ಟಿರುವುದು ಹಾರ್ಡ್‌ವೇರೇ. ಅದನ್ನು ತೆರೆದರೆ ಎಪಿಕ್ ಐಡಿ ಅಂತ ಒಂದು ಸಂಖ್ಯೆ ಇರುತ್ತದೆ. ಒಂದೊಂದು ಕೋರಿಗೆ ಎರಡು ಐಡಿ. ಹಾಗಾಗಿ 4 ಅಥವಾ 5 ಬಂದರೆ ಅದು ಸೊನ್ನೆಯಿಂದ ಎಣಿಸಿದಾಗ 2ನೇ ಕೋರ್.

ಈಗ ಬಯಾಸ್‌ನಲ್ಲಿ 'ಆಲ್ ಕೋರ್ಸ್' ಬದಲು 'ಪರ್ ಕೋರ್' ಆರಿಸಿ, ಆ ಒಂದು ಕೋರಿಗೆ ಮಾತ್ರ 5 ಅಂಕೆ ವಾಪಸ್ ಕೊಡಿ, 20 ಇದ್ದದ್ದನ್ನು 15 ಮಾಡಿ. ತಮಾಷೆ ಏನೆಂದರೆ, ಮೊದಲು ಬೀಳುವುದು ಹೆಚ್ಚಾಗಿ ಚಿಪ್ಪಿನ ಅತ್ಯುತ್ತಮ ಕೋರೇ. ಅದು ಕಾರ್ಖಾನೆಯಿಂದಲೇ ಕಮ್ಮಿ ವೋಲ್ಟೇಜಿಗೆ ಬಿಗಿಯಾಗಿ ಹೊಲಿದು ಬಂದಿರುತ್ತದೆ. ಕತ್ತರಿಸಲು ಅಲ್ಲಿ ಬಟ್ಟೆಯೇ ಉಳಿದಿರುವುದಿಲ್ಲ.

ಇಂಟೆಲ್ ಇದ್ದವರಿಗೆ

ಚಿಕ್ಕದಾಗಿ ಹೇಳುತ್ತೇನೆ. 'ಕೆ' ಚಿಪ್ಪಿನಲ್ಲಿ ಮೊದಲು ಪವರ್ ಲಿಮಿಟ್‌ಗಳು ಇಂಟೆಲ್ ಹೇಳಿದ ಅಂಕಿಯಲ್ಲಿ ಇವೆಯಾ ನೋಡಿ, ಬಹಳ ಬೋರ್ಡುಗಳು ಅವನ್ನು ಮಿತಿಯಿಲ್ಲದ ಹಾಗೆ ಬಿಟ್ಟಿರುತ್ತವೆ. ಆಮೇಲೆ ಪಿ-ಕೋರ್‌ಗಳ (ಇಂಟೆಲ್ ಚಿಪ್ಪಿನ ದೊಡ್ಡ, ವೇಗದ ಕೋರ್‌ಗಳ) ಮಲ್ಟಿಪ್ಲೈಯರನ್ನು ಒಂದೊಂದಾಗಿ ಏರಿಸಿ. ವೋಲ್ಟೇಜನ್ನು 'ಅಡಾಪ್ಟಿವ್'ನಲ್ಲೇ (ಕೆಲಸಕ್ಕೆ ತಕ್ಕಂತೆ ಏರಿಳಿಯುವ ಹಾಗೆ) ಇಡಿ, ಫಿಕ್ಸೆಡ್ ಬೇಡ. ಬಿಸಿ 90ರ ಹತ್ತಿರ ಬಂದರೆ ಅಲ್ಲಿಗೆ ಸಾಕು. 13 ಅಥವಾ 14ನೇ ತಲೆಮಾರಿನ ಐ7, ಐ9 ಇದ್ದರೆ ನನ್ನ ಸಲಹೆ ಬೇರೆಯೇ: ಹೊಸ ಬಯಾಸ್ ಹಾಕಿ, ಇಂಟೆಲ್ ಡೀಫಾಲ್ಟ್ ಆರಿಸಿ, ಓವರ್‌ಕ್ಲಾಕ್ ಆಸೆ ಬಿಡಿ.

ಎಲ್ಲಿ ನಿಲ್ಲಿಸಬೇಕು

ಕೋರ್‌ಸೈಕ್ಲರ್ ಒಂದು ರಾತ್ರಿ ತಪ್ಪಿಲ್ಲದೆ ಓಡಿ, ಸಿನಿಬೆಂಚ್‌ನಲ್ಲಿ ಬಿಸಿ 85ರ ಒಳಗಿದ್ದು, ಒಂದು ವಾರದ ಮಾಮೂಲಿ ಬಳಕೆಯಲ್ಲಿ ಡಬ್ಲ್ಯುಎಚ್‌ಇಎ ಕಾಣದಿದ್ದರೆ ನಿಮ್ಮ ಕೆಲಸ ಮುಗಿಯಿತು. ಆಮೇಲೆ ಎಲ್ಲಾ ಅಂಕಿಯಿಂದ ಇನ್ನೂ 2, 3 ವಾಪಸ್ ಕೊಟ್ಟುಬಿಡಿ. ಆ ಅಂಚಿನಲ್ಲಿ ಸಿಗುವ ಸ್ಕೋರು ಕಣ್ಣಿಗೆ ಕಾಣುವುದಿಲ್ಲ, ಆದರೆ ಬೇಸಿಗೆ ಬಂದಾಗ ಕಾಪಾಡುವುದು ಹೀಗೆ ವಾಪಸ್ ಕೊಟ್ಟ ಅಂಕಿಯೇ. ಈಗ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ, ಪರೀಕ್ಷೆಗಳನ್ನು ಇನ್ನೊಂದು ಸುತ್ತು ಓಡಿಸಿ.

ಬಯಾಸ್‌ನಲ್ಲಿ ಇದನ್ನೆಲ್ಲ ಪ್ರೊಫೈಲ್ ಅಂತ ಸೇವ್ ಮಾಡಬಹುದು. ಆದರೆ ಮುಂದಿನ ಬಯಾಸ್ ಅಪ್‌ಡೇಟ್ ಆದಾಗ ಪ್ರೊಫೈಲುಗಳು ಬಹಳ ಸಲ ಅಳಿಸಿಹೋಗುತ್ತವೆ. ನಾನು ಆರು ಕೋರಿನ ಆರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಬಾಗಿಲಿನ ಒಳಗೆ ಅಂಟಿಸಿದ್ದೇನೆ. 18, 18, 12, 18, 9, 18, ಎಲ್ಲಾ ನೆಗೆಟಿವ್. ಆ 9 ಇರುವುದೇ ನನ್ನನ್ನು ಎಸ್‌ಪಿ ರೋಡಿಗೆ ಓಡಿಸಿದ ಕೋರ್.